ಬಾಯಿ ಬೆಸೆದ ತಾಮ್ರದ ತಂಬಿಗೆ: ಒಡೆಯದೆ ಒಳಗೇನಿದೆ ಅಂತ ಎಕ್ಸ್‌ರೇ ಹೇಳುತ್ತಾ?

ಪ್ರಶ್ನೆ: ನಾವು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರು. ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ತಾಮ್ರದ ತಂಬಿಗೆ ಸಿಕ್ಕಿತು. ಉರುಟಾಗಿದೆ, ಅಡ್ಡಕ್ಕೆ ಸುಮಾರು 14 ಸೆಂ.ಮೀ. ಬಾಯಿಗೆ ತಗಡು ಮುಚ್ಚಿ ಬೆಸುಗೆ ಹಾಕಿದ್ದಾರೆ. ತೂಕ 1 ಕೆಜಿ 150 ಗ್ರಾಂ. ಅಲ್ಲಾಡಿಸಿದರೆ ಒಳಗೆ ಏನೋ ಕಟಕಟ ಅನ್ನುತ್ತದೆ. ಸುದ್ದಿ ಹೇಗೆ ಹರಡಿತೋ, ಇಬ್ಬರು ಬಂದು 'ಇದು ಸಿಡಿಲು ಬಡಿದ ಪಾತ್ರೆ, ಒಳಗೆ ಇರಿಡಿಯಮ್ ಇದೆ, ಕೋಟಿಗಟ್ಟಲೆ ಬೆಲೆ' ಅಂದರು. ದೆಹಲಿಯಿಂದ ವಿಜ್ಞಾನಿ ಬಂದು ಎಕ್ಸ್‌ರೇ ಟೆಸ್ಟ್ ಮಾಡುತ್ತಾರಂತೆ, ಅದಕ್ಕೆ 4 ಲಕ್ಷ ಮುಂಗಡ ಕೊಡಬೇಕಂತೆ. ಜರ್ಮನಿಯಲ್ಲಿ ಓದುವ ನನ್ನ ಅಳಿಯನನ್ನು ಕೇಳಿದೆ. ಅವನು, ವಿಮಾನ ನಿಲ್ದಾಣಗಳಲ್ಲಿ 'ಎಕ್ಸ್‌ರೇ ಡಿಫ್ರಾಕ್ಷನ್ ಇಮೇಜಿಂಗ್' ಅಂತ ಒಂದು ತಂತ್ರಜ್ಞಾನ ಇದೆ, ಬ್ಯಾಗ್ ತೆರೆಯದೆ ಒಳಗಿನ ವಸ್ತು ಯಾವುದು ಅಂತ ಅದು ಹೇಳುತ್ತದೆ ಅಂದ. ಇದು ನಿಜವಾ? ನಮ್ಮ ತಂಬಿಗೆಗೆ ಮಾಡಿಸಬಹುದಾ? ಎಕ್ಸ್‌ರೇ ಬಿದ್ದರೆ ಒಳಗಿನದ್ದು ಹಾಳಾಗುತ್ತದಾ, ವಿಕಿರಣ ಉಳಿಯುತ್ತದಾ? ತಾಯಿಯವರು ಅದನ್ನು ಒಡೆಯಲೇಬಾರದು ಅನ್ನುತ್ತಿದ್ದಾರೆ.

ಉತ್ತರ: ಮೊದಲು ದುಡ್ಡಿನ ವಿಷಯ ಮುಗಿಸೋಣ. ಆ 4 ಲಕ್ಷ ಕೊಡಬೇಡಿ. ಆ ಇಬ್ಬರ ಜೊತೆ ಮಾತುಕತೆಯನ್ನೂ ಮುಂದುವರಿಸಬೇಡಿ. ಇದು ಪೊಲೀಸರಿಗೆ ಚೆನ್ನಾಗಿ ಗೊತ್ತಿರುವ ರೈಸ್ ಪುಲ್ಲಿಂಗ್ ದಂಧೆಯ (ಪಾತ್ರೆಗೆ ಅಕ್ಕಿ ಎಳೆಯುವ ಶಕ್ತಿ ಇದೆ ಅಂತ ನಂಬಿಸುವ ಮೋಸ) ಹಳೇ ಪಾಠ. ಸಿಡಿಲು, ಇರಿಡಿಯಮ್, ದೊಡ್ಡ ಸಂಸ್ಥೆಯ ವಿಜ್ಞಾನಿ, ಮುಂಗಡ, ಎಲ್ಲವೂ ಅದೇ ಕ್ರಮದಲ್ಲಿ ಬರುತ್ತವೆ. 2018ರಲ್ಲಿ ದೆಹಲಿ ಪೊಲೀಸರು ಒಬ್ಬ ತಂದೆ ಮತ್ತು ಮಗನನ್ನು ಬಂಧಿಸಿದ್ದರು. ಇಂಥದ್ದೇ ವಸ್ತುವನ್ನು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾಕ್ಕೆ ಮಾರಿಕೊಡುತ್ತೇವೆ ಅಂತ ನಂಬಿಸಿ, ವಿಕಿರಣ ತಡೆಯುವ ಉಡುಪು ಅಂತ ಏನನ್ನೋ ತೊಟ್ಟು ಟೆಸ್ಟ್ ನಾಟಕ ಆಡಿ, ವ್ಯಾಪಾರಿಯೊಬ್ಬರಿಂದ 1 ಕೋಟಿ 43 ಲಕ್ಷ ರೂಪಾಯಿ ಕಿತ್ತಿದ್ದರು ಎಂಬುದು ಆರೋಪ. ಮುಂದಿನ ಸಲ ನಿಮ್ಮ ಮನೆಗೆ ಬಂದವರು ಪಾತ್ರೆ ಅಕ್ಕಿ ಎಳೆಯುವುದನ್ನೂ ತೋರಿಸಿಯಾರು. ಅಕ್ಕಿಗೆ ಕಬ್ಬಿಣದ ಪುಡಿ ಹತ್ತಿಸಿ, ಪಾತ್ರೆಯ ಹತ್ತಿರ ಅಯಸ್ಕಾಂತ ಅಡಗಿಸಿದರೆ ಅಕ್ಕಿ ಓಡಿ ಬರುತ್ತದೆ. ನಿಮ್ಮ ಅಡುಗೆಮನೆ ಡಬ್ಬಿಯ ಅಕ್ಕಿ ಕೊಟ್ಟು ನೋಡಿ, ಕದಲುವುದಿಲ್ಲ.

ಇರಿಡಿಯಮ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಯಾಕೆಂದರೆ ಈ ದಂಧೆಯವರು ಅರ್ಧ ನಿಜವನ್ನು ಬಳಸುತ್ತಾರೆ. ಇರಿಡಿಯಮ್ ದುಬಾರಿ ಲೋಹ ಹೌದು. 2021ರಲ್ಲಂತೂ ಚಿನ್ನಕ್ಕಿಂತ ಎಷ್ಟೋ ಜಾಸ್ತಿ ಬೆಲೆಗೆ ಹೋಗಿತ್ತು. ವಿಕಿರಣ ಸೂಸುವ ಇರಿಡಿಯಮ್ ಇದೆ ಅನ್ನುವುದೂ ಹೌದು. ಇರಿಡಿಯಮ್-192 ಅಂತ, ಪೈಪುಗಳ ವೆಲ್ಡಿಂಗ್ ಪರೀಕ್ಷೆಗೆ ಬಳಸುತ್ತಾರೆ. ಆದರೆ ಅದನ್ನು ಪರಮಾಣು ರಿಯಾಕ್ಟರಿನಲ್ಲಿ ತಯಾರಿಸಬೇಕು. ಅದರ ಅರ್ಧಾಯುಷ್ಯ ಸುಮಾರು 74 ದಿನ. ಅಂದರೆ ಪ್ರತಿ 74 ದಿನಕ್ಕೆ ಅರ್ಧ ಕರಗುತ್ತಾ ಹೋಗುತ್ತದೆ. ನಿಮ್ಮ ಮುತ್ತಜ್ಜನ ಕಾಲದಲ್ಲಿ ಯಾರೋ ತುಂಬಿಟ್ಟಿದ್ದರೂ ಈಗ ಹೆಸರಿಗೂ ಉಳಿದಿರುವುದಿಲ್ಲ. ನೆಲದಲ್ಲಿ ಸಿಗುವ ಇರಿಡಿಯಮ್ ವಿಕಿರಣ ಸೂಸುವುದಿಲ್ಲ. ಸಿಡಿಲು ಬಡಿದರೆ ತಾಮ್ರ ಕರಗಬಹುದು, ಕಪ್ಪಾಗಬಹುದು. ಆದರೆ ಅದು ಇನ್ನೊಂದು ಧಾತು ಆಗುವುದಿಲ್ಲ. ಕಂಚುಗಾರರು ಬೆರೆಸಿದ್ದಿರಬಹುದಾ? ತಾಮ್ರ ಕರಗುವುದು 1085 ಡಿಗ್ರಿಗೆ, ಇರಿಡಿಯಮ್ ಕರಗಲು 2400 ಡಿಗ್ರಿ ದಾಟಬೇಕು. ಇದ್ದಿಲ ಕುಲುಮೆಯಲ್ಲಿ ಆ ಕೆಲಸ ಆಗದು.

ಈಗ ನಿಮ್ಮ ಅಳಿಯ ಹೇಳಿದ್ದಕ್ಕೆ ಬರೋಣ. ಅವರು ಹೇಳಿದ್ದು ನಿಜ. ಬ್ಯಾಗ್ ತೆರೆಯದೆ ಒಳಗಿನ ವಸ್ತುವನ್ನು ಗುರುತಿಸುವ ಎಕ್ಸ್‌ರೇ ತಂತ್ರ ಇದೆ. ನಾನು ಡಿಫ್ರಾಕ್ಷನ್ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಸಿಮೆಂಟು, ಮಾತ್ರೆ, ಮಣ್ಣು, ಬಾಯ್ಲರಿನ ಗಸಿ, ಎಲ್ಲ ನಮ್ಮ ಮೇಜಿಗೆ ಬರುತ್ತವೆ. ಬಂದವರಲ್ಲಿ ಹೆಚ್ಚಿನವರು 'ಎಕ್ಸ್‌ರೇ ಮಾಡಿಸಿದರೆ ಏನಿದೆ ಅಂತ ಗೊತ್ತಾಗುತ್ತದಲ್ವಾ' ಅಂತಲೇ ಕೇಳುತ್ತಾರೆ. ಗೊತ್ತಾಗುವುದು ಯಾವ ಎಕ್ಸ್‌ರೇ ಅನ್ನುವುದರ ಮೇಲೆ ಹೋಗುತ್ತದೆ. ಮೂರು ಬೇರೆ ಬೇರೆ ಪರೀಕ್ಷೆಗಳಿಗೆ ಜನ ಒಂದೇ ಹೆಸರು ಇಟ್ಟುಬಿಟ್ಟಿದ್ದಾರೆ.

ಆಸ್ಪತ್ರೆಯಲ್ಲಿ ಕೈ ಮುರಿದಾಗ ತೆಗೆಯುವುದು ನೆರಳಿನ ಚಿತ್ರ. ಎಕ್ಸ್‌ರೇ ಎಲ್ಲಿ ಜಾಸ್ತಿ ತಡೆಯಲ್ಪಟ್ಟಿತು, ಎಲ್ಲಿ ಕಡಿಮೆ ಅಂತಷ್ಟೇ ಅದು ತೋರಿಸುತ್ತದೆ. ಅದನ್ನೇ ಸುತ್ತ ತಿರುಗಿಸಿ ತೆಗೆದರೆ ಸಿಟಿ ಸ್ಕ್ಯಾನ್. ಆಕಾರ ಸಿಗುತ್ತದೆ, ದಪ್ಪ ಸಿಗುತ್ತದೆ, ಸಾಂದ್ರತೆಯ ಒಂದು ಅಂದಾಜು ಸಿಗುತ್ತದೆ. ವಸ್ತುವಿನ ಹೆಸರು ಸಿಗುವುದಿಲ್ಲ. ಸಕ್ಕರೆಯ ಸಾಂದ್ರತೆ ನೀರಿನ 1.59 ಪಟ್ಟು, ಟಿಎನ್‌ಟಿ ಸ್ಫೋಟಕದ್ದು 1.65. ಬರೀ ಸಾಂದ್ರತೆ ನೋಡುವ ಯಂತ್ರಕ್ಕೆ ಎರಡೂ ಅಕ್ಕಪಕ್ಕದ ಮನೆಯವು. ಊರಿಂದ ಹೊರಟ ಬ್ಯಾಗಿನಲ್ಲಿ ಬೆಲ್ಲ, ಚಟ್ನಿಪುಡಿ, ಅಂಟಿನುಂಡೆ ಇದ್ದಾಗ ಮತ್ತೆ ಮತ್ತೆ ತಪಾಸಣೆ ಆಗುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು ಫ್ಲೋರೆಸೆನ್ಸ್. ಚಿನ್ನದಂಗಡಿಯಲ್ಲಿ ಉಂಗುರ ಇಟ್ಟು ಪರ್ಸೆಂಟ್ ತೆಗೆಯುವ ಕ್ಯಾರೆಟ್ ಮೀಟರ್ ನೋಡಿದ್ದೀರಲ್ವಾ, ಅದೇ. ಎಕ್ಸ್‌ರೇ ತಾಗಿದಾಗ ಪ್ರತಿ ಧಾತುವೂ ತನ್ನದೇ ಶಕ್ತಿಯ ಎಕ್ಸ್‌ರೇ ವಾಪಸ್ ಬಿಡುತ್ತದೆ. ಅದನ್ನು ಅಳೆದು ಧಾತು ಹೇಳುತ್ತಾರೆ. ಆದರೆ ತಾಮ್ರದಲ್ಲಿ ಇದು ಮೇಲಿನ ತೆಳು ಪದರ ಮಾತ್ರ ನೋಡುತ್ತದೆ, ಒಂದು ಕೂದಲೆಳೆಯ ದಪ್ಪದ ಆಸುಪಾಸು. ಬೆಸೆದ ತಂಬಿಗೆಯ ಒಳಗಿನದ್ದು ಅದಕ್ಕೆ ಕಾಣುವುದೇ ಇಲ್ಲ.

ಮೂರನೆಯದು ಡಿಫ್ರಾಕ್ಷನ್. ಇದು ಪರಮಾಣುಗಳು ಯಾವ ವರಸೆಯಲ್ಲಿ ಕೂತಿವೆ ಅಂತ ಕೇಳುತ್ತದೆ. ನೀವು ಅಡಿಕೆ ತೋಟದ ಬದುವಿನ ಮೇಲೆ ನಡೆಯುವಾಗ ಗಮನಿಸಿರುತ್ತೀರಿ. ಮರಗಳು ಸುಮ್ನೆ ಗುಂಪಾಗಿ ಕಾಣುತ್ತಿರುತ್ತವೆ. ಯಾವುದೋ ಒಂದು ಕೋನಕ್ಕೆ ಬಂದ ಕೂಡಲೇ ಸಾಲು ಬಿಚ್ಚಿಕೊಂಡು ಆಚೆ ದಡದವರೆಗೂ ದಾರಿ ಕಾಣುತ್ತದೆ. ಇನ್ನೆರಡು ಹೆಜ್ಜೆಗೆ ಮುಚ್ಚಿಹೋಗುತ್ತದೆ. ಯಾವ ಯಾವ ಕೋನದಲ್ಲಿ ಸಾಲು ತೆರೆಯಿತು ಅಂತ ಬರೆದುಕೊಂಡರೆ, ಮರಗಳ ನಡುವೆ ಎಷ್ಟು ಅಂತರ ಅಂತ ತೋಟದೊಳಗೆ ಕಾಲಿಡದೆ ಲೆಕ್ಕ ಹಾಕಬಹುದು. ಹರಳಿನೊಳಗೆ ಎಕ್ಸ್‌ರೇ ಕೊಡುವುದು ಇಂಥದ್ದೇ ಲೆಕ್ಕ. ಕೆಲವೇ ಕೋನಗಳಲ್ಲಿ ಅದು ಬಲವಾಗಿ ಚಿಮ್ಮುತ್ತದೆ, ಉಳಿದ ಕಡೆ ಹೆಚ್ಚು ಕಡಿಮೆ ಏನೂ ಇರುವುದಿಲ್ಲ. ಆ ಕೋನಗಳ ಪಟ್ಟಿಯೇ ಆ ವಸ್ತುವಿನ ಗುರುತು.

ಇದನ್ನು ಮೊದಲು ಕಂಡದ್ದು 1912ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಮ್ಯಾಕ್ಸ್ ಫಾನ್ ಲಾವೆ ಅವರ ಯೋಚನೆ, ಫ್ರೀಡ್ರಿಕ್ ಮತ್ತು ನಿಪ್ಪಿಂಗ್ ಮಾಡಿದ ಪ್ರಯೋಗ. ಅವರು ಮೊದಲು ಎಕ್ಸ್‌ರೇ ಹಾಯಿಸಿದ ಹರಳು ಯಾವುದು ಗೊತ್ತಾ? ಮೈಲುತುತ್ತ! ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ನೀವು ಮಳೆಗಾಲದಲ್ಲಿ ಅಡಿಕೆ ಗೊನೆಗೆ ಹೊಡೆಸುವ ಅದೇ ನೀಲಿ ಹರಳು. ಅದೇ ವರ್ಷದ ಕೊನೆಗೆ ಲಾರೆನ್ಸ್ ಬ್ರಾಗ್ ಅದರ ಲೆಕ್ಕವನ್ನು ಸರಳ ಸೂತ್ರಕ್ಕೆ ಇಳಿಸಿದರು, ಆಮೇಲೆ ತಂದೆ ವಿಲಿಯಂ ಬ್ರಾಗ್ ಜೊತೆ ಸೇರಿ ಬೆಳೆಸಿದರು. 1915ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮಗನಿಗೆ ಆಗ ಬರೀ 25 ವರ್ಷ.

ತಾಮ್ರದ ಉದಾಹರಣೆಯನ್ನೇ ಇಟ್ಟುಕೊಂಡರೆ ಇದರ ಶಕ್ತಿ ಗೊತ್ತಾಗುತ್ತದೆ. ತಾಮ್ರದ ತಗಡು, ಮೈಲುತುತ್ತ, ತಂಬಿಗೆಯ ಮೇಲೆ ಹಸಿರಾಗಿ ಹಿಡಿದ ಕಿಲುಬು, ಮೂರನ್ನೂ ಕ್ಯಾರೆಟ್ ಮೀಟರಿಗೆ ಕೊಟ್ಟರೆ ಮೂರಕ್ಕೂ 'ತಾಮ್ರ' ಅನ್ನುತ್ತದೆ. ಡಿಫ್ರಾಕ್ಷನ್ ಮೂರಕ್ಕೂ ಬೇರೆ ಬೇರೆ ಹೆಸರು ಕೊಡುತ್ತದೆ. ಅಕ್ಕಿಯ ಪಿಷ್ಟಕ್ಕೂ ಆಲೂಗಡ್ಡೆಯ ಪಿಷ್ಟಕ್ಕೂ ಗುರುತು ಬೇರೆ. ಹಾಗಂತ ಇದು ಸರ್ವಜ್ಞ ಅಲ್ಲ. ಚಿನ್ನ ಮತ್ತು ಬೆಳ್ಳಿಯಲ್ಲಿ ಪರಮಾಣುಗಳು ಕೂರುವ ವರಸೆಯೂ ಒಂದೇ, ಅಂತರವೂ ಹತ್ತಿರ ಹತ್ತಿರ ಒಂದೇ: 4.08 ಮತ್ತು 4.09 ಆಂಗ್‌ಸ್ಟ್ರಾಮ್ (ಸೆಂಟಿಮೀಟರಿನ ಹತ್ತು ಕೋಟಿಯ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್). ಡಿಫ್ರಾಕ್ಷನ್ ಒಂದನ್ನೇ ನಂಬಿದರೆ ಎರಡನ್ನು ಬೇರೆ ಮಾಡುವುದು ಕಷ್ಟ. ಅಂಗಡಿಯ ಕ್ಯಾರೆಟ್ ಮೀಟರ್ ಈ ಕೆಲಸವನ್ನು ಅರೆ ನಿಮಿಷದಲ್ಲಿ ಮುಗಿಸುತ್ತದೆ. ಇನ್ನು ಅರಗು, ಜೇನುತುಪ್ಪ, ಗಾಜು, ಇವುಗಳಲ್ಲಿ ಸಾಲೇ ಇಲ್ಲ. ಎಕ್ಸ್‌ರೇ ಬಲವಾಗಿ ಚಿಮ್ಮಿದ ಕಡೆ ಯಂತ್ರದ ನಕ್ಷೆಯಲ್ಲಿ ಚೂಪು ಗೆರೆ ಏಳುತ್ತದೆ. ಇವುಗಳಲ್ಲಿ ಅಂಥ ಗೆರೆಗಳ ಬದಲು ಒಂದು ಮೊಂಡು ಉಬ್ಬು ಬರುತ್ತದೆ. ನೀರಿಗೂ ಹಾಗೆಯೇ.

ಸಾಮಾನ್ಯ ಲ್ಯಾಬ್‌ನಲ್ಲಿ ನಾವು ಮಾಡುವುದು ಪುಡಿ ಪರೀಕ್ಷೆ. ಚಿಟಿಕೆ ಪುಡಿಯನ್ನು ತಟ್ಟೆಯಲ್ಲಿ ಹರಡಿ ಯಂತ್ರಕ್ಕೆ ಇಡುತ್ತೇವೆ. ಅದರ ಎಕ್ಸ್‌ರೇ ತುಂಬಾ ಮೃದು, ಅಂದರೆ ಆಳಕ್ಕೆ ಹೋಗುವುದಿಲ್ಲ. ಇಡೀ ತಂಬಿಗೆ ತಂದಿಟ್ಟರೆ ಮೇಲ್ಮೈಯ ತಾಮ್ರದ ಗೆರೆ ಬರುತ್ತದೆ, ಅಷ್ಟೇ. ಒಳಗಿನದ್ದಕ್ಕೆ ಬೇಕಾಗುವುದು ನಿಮ್ಮ ಅಳಿಯ ಹೇಳಿದ ಇಮೇಜಿಂಗ್ ಪದ್ಧತಿ. ಅದಕ್ಕೆ ದಾರಿ ತೋರಿಸಿದವರಲ್ಲಿ ಹ್ಯಾಂಬರ್ಗ್‌ನ ಫಿಲಿಪ್ಸ್ ಪ್ರಯೋಗಾಲಯದ ಜೆಫ್ರಿ ಹಾರ್ಡಿಂಗ್ ಮತ್ತವರ ತಂಡ ಮುಖ್ಯರು, 1980ರ ದಶಕದಲ್ಲಿ. ಇದರಲ್ಲಿ ಆಳಕ್ಕೆ ಹೋಗುವ ಗಟ್ಟಿ ಎಕ್ಸ್‌ರೇ ಬಳಸುತ್ತಾರೆ. ಒಂದೇ ಶಕ್ತಿಯದ್ದಲ್ಲ, ಎಲ್ಲ ಶಕ್ತಿಗಳೂ ಬೆರೆತದ್ದು. ಸಣ್ಣ ಕಿರಣವನ್ನು ವಸ್ತುವಿನ ಮೂಲಕ ಹಾಯಿಸಿ, ಕೆಲವೇ ಡಿಗ್ರಿ ಓರೆಯಲ್ಲಿ ಚಿಮ್ಮಿದ ಎಕ್ಸ್‌ರೇಯನ್ನು ಮಾತ್ರ ಕಿಂಡಿಗಳ ಮೂಲಕ ಹಿಡಿಯುತ್ತಾರೆ. ಕೋನ ಒಂದೇ ಇಟ್ಟು, ಯಾವ ಶಕ್ತಿಯ ಕಿರಣ ಎಷ್ಟು ಬಂತು ಅಂತ ಎಣಿಸುತ್ತಾರೆ. ಕಿಂಡಿಯ ಸಾಲು ಮತ್ತು ಕಿರಣ ಸಂಧಿಸುವ ಆ ಒಂದು ಚಿಕ್ಕ ಜಾಗದ ಗುರುತು ಸಿಗುತ್ತದೆ. ಹಾಗೆ ಜಾಗದಿಂದ ಜಾಗಕ್ಕೆ ಹೋದರೆ ಒಂದು ಚಿತ್ರ. ವಿಮಾನ ನಿಲ್ದಾಣದಲ್ಲಿ ಇದನ್ನು ಎಲ್ಲ ಬ್ಯಾಗಿಗೂ ಮಾಡುವುದಿಲ್ಲ. ಮೊದಲು ಸಿಟಿ ಯಂತ್ರ ನೋಡುತ್ತದೆ. ಅದಕ್ಕೆ ಅನುಮಾನ ಬಂದ ಜಾಗವನ್ನು ಮಾತ್ರ ಡಿಫ್ರಾಕ್ಷನ್ ಯಂತ್ರ ಮತ್ತೆ ಕೇಳುತ್ತದೆ: ಇದು ಸಕ್ಕರೆಯಾ, ಇನ್ನೇನಾದರೂನಾ? ಚಿಮ್ಮುವ ಕಿರಣ ಬಹಳ ಕಡಿಮೆ, ಹಾಗಾಗಿ ಎಣಿಕೆಗೆ ಸಮಯ ಬೇಕು. ಇದು ಎಲ್ಲೆಡೆ ಹರಡದಿರಲು ಇದೇ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ.

ನಿಮ್ಮ ಪ್ರಶ್ನೆಗೆ ಹತ್ತಿರದ ಉದಾಹರಣೆ ಒಂದಿದೆ. ಸುಮಾರು 1900 ವರ್ಷ ಹಳೆಯ ಈಜಿಪ್ಟಿನ ಮಗುವಿನ ಮಮ್ಮಿ. ಬಟ್ಟೆ ಬಿಚ್ಚುವ ಹಾಗಿಲ್ಲ. ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಅದನ್ನು ಪರೀಕ್ಷಿಸಿದ ತಂಡ 2020ರಲ್ಲಿ ಫಲಿತಾಂಶ ಪ್ರಕಟಿಸಿತು. ಮೊದಲು ಸಿಟಿ ಸ್ಕ್ಯಾನ್ ಮಾಡಿ ಎಲ್ಲೆಲ್ಲಿ ಏನೋ ಇದೆ ಅಂತ ಗುರುತು ಮಾಡಿಕೊಂಡರು. ಆಮೇಲೆ ಆ ಜಾಗಗಳಿಗೆ ಮಾತ್ರ ಕೂದಲೆಳೆಯಷ್ಟು ಸಣ್ಣ, ಅತ್ಯಂತ ಪ್ರಖರ ಎಕ್ಸ್‌ರೇ ಬಿಟ್ಟರು. ಸುತ್ತಿದ ಬಟ್ಟೆಯೊಳಗಿದ್ದ ಒಂದು ಪುಟ್ಟ ತುಣುಕು ಕ್ಯಾಲ್ಸೈಟ್ (ಸುಣ್ಣಕಲ್ಲಿನಲ್ಲಿರುವ ಖನಿಜ) ಅಂತ ಗೊತ್ತಾಯಿತು. ಅದು ತಾಯಿತದಂತೆ ಇಟ್ಟ ಜೀರುಂಡೆಯ ಆಕಾರದ ಕಲ್ಲಿರಬಹುದು ಅಂತ ಅವರ ಊಹೆ. ನೋಡಿ, ಡಿಫ್ರಾಕ್ಷನ್ ಹೇಳಿದ್ದು 'ಕ್ಯಾಲ್ಸೈಟ್' ಅಂತ ಮಾತ್ರ. ಜೀರುಂಡೆ ಅನ್ನುವುದು ಮನುಷ್ಯರ ಊಹೆ.

ಹಾಗಾದರೆ ನಿಮ್ಮ ತಂಬಿಗೆಗೂ ಮಾಡಬಹುದಲ್ಲ ಅನ್ನಬಹುದು. ತೊಡಕು ತಾಮ್ರದಲ್ಲಿದೆ. ಬಟ್ಟೆಯಲ್ಲಿ, ಪ್ಲಾಸ್ಟಿಕ್ ಸೂಟ್‌ಕೇಸಿನಲ್ಲಿ ಎಕ್ಸ್‌ರೇ ಸಲೀಸಾಗಿ ಹಾಯುತ್ತದೆ. ನಿಮ್ಮಲ್ಲಿ ಹೋಗುವಾಗ ಒಂದು ಗೋಡೆ, ಬರುವಾಗ ಇನ್ನೊಂದು. ಒಂದೊಂದು ಒಂದೂವರೆ ಮಿ.ಮೀ. ಇದ್ದರೆ ಒಟ್ಟು 3 ಮಿ.ಮೀ. ತಾಮ್ರ. ಒಳಗೆ ಕ್ಯಾಲ್ಸೈಟ್, ಅಂದರೆ ನೀರು ಆರಿದಾಗ ಉಳಿಯುವ ಬಿಳಿ ಹಕ್ಕಳೆ ಇದೆ ಅಂದುಕೊಳ್ಳಿ. 5 ಡಿಗ್ರಿ ಕೋನದಲ್ಲಿ ನೋಡಿದರೆ ಅದರ ಮುಖ್ಯ ಗೆರೆ ಬರುವುದು ಸುಮಾರು 47 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಎಕ್ಸ್‌ರೇ ಶಕ್ತಿಯ ಅಳತೆ) ಹತ್ತಿರ. ಆ ಶಕ್ತಿಯ ಎಕ್ಸ್‌ರೇ 3 ಮಿ.ಮೀ. ತಾಮ್ರ ದಾಟಿ ಸಾವಿರಕ್ಕೆ ಒಂದು ಪಾಲೂ ಹೊರಗೆ ಬರುವುದಿಲ್ಲ. ಕೋನವನ್ನು 2 ಡಿಗ್ರಿಗೆ ಇಳಿಸಿದರೆ ಅದೇ ಗೆರೆ 117ಕ್ಕೆ ಏರುತ್ತದೆ, ಆಗ ಮೂರರಲ್ಲಿ ಒಂದು ಪಾಲು ಹೊರಬಂದೀತು. ಆದರೆ ಅಷ್ಟು ಸಣ್ಣ ಕೋನದಲ್ಲಿ ಗೆರೆಗಳು ಒಂದರ ಮೇಲೊಂದು ಹರಡಿಕೊಳ್ಳುತ್ತವೆ. ಜೊತೆಗೆ ತಾಮ್ರದ ಗೋಡೆಯೇ ತನ್ನ ಗೆರೆಗಳನ್ನು ಜೋರಾಗಿ ಕೊಡುತ್ತಿರುತ್ತದೆ. ಒಳಗಿರುವುದು ನಾಣ್ಯವೋ ಕಲ್ಲುಸಕ್ಕರೆಯೋ ಆಗಿದ್ದರೆ ಇನ್ನೊಂದು ಕಿರಿಕಿರಿ. ದಪ್ಪ ಹರಳುಗಳು ಎಲ್ಲ ದಿಕ್ಕಿಗೂ ಮುಖ ಮಾಡಿರುವುದಿಲ್ಲ, ಹಾಗಾಗಿ ಅರ್ಧ ಗೆರೆಗಳು ಕಾಣಿಸಿಕೊಳ್ಳುವುದೇ ಇಲ್ಲ.

ಅಸಾಧ್ಯ ಅಂತ ಹೇಳುತ್ತಿಲ್ಲ. ಸಿಂಕ್ರೊಟ್ರಾನ್ ಅಂತ ದೊಡ್ಡ ಎಕ್ಸ್‌ರೇ ಮೂಲಗಳಿವೆ. ನಮ್ಮ ದೇಶದಲ್ಲಿ ಇಂದೋರ್‌ನ ರಾಜಾ ರಾಮಣ್ಣ ಕೇಂದ್ರದಲ್ಲಿ ಇಂಡಸ್-2 ಇದೆ, ಅಲ್ಲಿ ಡಿಫ್ರಾಕ್ಷನ್‌ಗೆ ಅಂತಲೇ ಮೀಸಲಾದ ಕಿರಣಸಾಲುಗಳಿವೆ (ಎಕ್ಸ್‌ರೇ ಹಾಯಿಸಿ ಪರೀಕ್ಷಿಸುವ ಜಾಗಗಳು). (ವಿಜ್ಞಾನಿ ರಾಜಾ ರಾಮಣ್ಣ ನಮ್ಮ ಕರ್ನಾಟಕದವರೇ.) ಆದರೆ ಅಲ್ಲಿ ಸಮಯ ಸಿಗುವುದು ಸಂಶೋಧನಾ ಪ್ರಸ್ತಾವಗಳಿಗೆ. ಮನೆಯ ತಂಬಿಗೆಗೆ ಆ ಬಾಗಿಲು ತೆರೆಯುವುದು ಕಷ್ಟ. 'ನಾವು ಪೆಟ್ಟಿಗೆಯಲ್ಲಿ ಯಂತ್ರ ತಂದು ನಿಮ್ಮ ಜಗಲಿಯಲ್ಲೇ ಮಾಡುತ್ತೇವೆ' ಅಂತ ಯಾರಾದರೂ ಅಂದರೆ, ಎಕ್ಸ್‌ರೇ ಉಪಕರಣಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ತೋರಿಸಿ ಅನ್ನಿ. ಮಾತು ಅಲ್ಲಿಗೇ ನಿಲ್ಲುತ್ತದೆ.

ನಾನಾಗಿದ್ದರೆ ಎಕ್ಸ್‌ರೇಗೂ ಮೊದಲು ಒಂದು ಬಕೆಟ್ ನೀರು ತರುತ್ತಿದ್ದೆ. 14 ಸೆಂ.ಮೀ. ಉರುಟಿನ ಒಟ್ಟು ಗಾತ್ರ ಸುಮಾರು 1440 ಘನ ಸೆಂ.ಮೀ. ನಿಮ್ಮ ತೂಕ 1150 ಗ್ರಾಂ. ಅಂದರೆ ತಂಬಿಗೆ ತೇಲಬೇಕು. ಒತ್ತಿ ಮುಳುಗಿಸಿದಾಗ ಬೆಸುಗೆಯಲ್ಲಿ ಬಿರುಕು ಇದ್ದರೆ ಗುಳ್ಳೆ ಬರುತ್ತದೆ, ತಕ್ಷಣ ಎತ್ತಿ ಒರೆಸಿಬಿಡಿ. ಮುಂದಿನ ಪ್ರಶ್ನೆ ಗೋಡೆಯ ದಪ್ಪ. ಅದು 1 ಮಿ.ಮೀ. ಆದರೆ ತಾಮ್ರವೇ ಸುಮಾರು 550 ಗ್ರಾಂ, ಕುತ್ತಿಗೆ, ತಗಡು, ಬೆಸುಗೆ ಸೇರಿ ಒಂದು 650 ಅನ್ನಿ. ಆಗ ಒಳಗೆ 500 ಗ್ರಾಂ ಏನೋ ಇದೆ. ಒಂದೂವರೆ ಮಿ.ಮೀ. ಆದರೆ ಪಾತ್ರೆಯೇ 900 ದಾಟುತ್ತದೆ, ಒಳಗೆ 200 ಗ್ರಾಂ ಉಳಿದರೆ ಹೆಚ್ಚು. 2 ಮಿ.ಮೀ. ಇದ್ದರೆ ಒಳಗೆ ಒಂದು ಚೂರು ಬಿಟ್ಟರೆ ಏನೂ ಇಲ್ಲ. ಈ ದಪ್ಪ ಅಳೆಯಲು ಅಲ್ಟ್ರಾಸೋನಿಕ್ ಗೇಜ್ ಅಂತ ಕೈಯಲ್ಲಿ ಹಿಡಿಯುವ ಉಪಕರಣ ಇದೆ. ಟ್ಯಾಂಕು, ಪೈಪು ಪರೀಕ್ಷಿಸುವವರ ಹತ್ತಿರ ಸಿಗುತ್ತದೆ. ನಾಲ್ಕೈದು ಕಡೆ ಒತ್ತಿ ನೋಡಿದರೆ ಸಾಕು, ಐದು ನಿಮಿಷದ ಕೆಲಸ. ಕೋಟಿ ರೂಪಾಯಿಯ ಕಥೆ ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ.

ಅಷ್ಟಾಗಿಯೂ ಕುತೂಹಲ ಉಳಿದರೆ ಸಾದಾ ಇಂಡಸ್ಟ್ರಿಯಲ್ ರೇಡಿಯೋಗ್ರಫಿ ಮಾಡಿಸಿ. ಬೆಂಗಳೂರಿನ ಪೀಣ್ಯದಂಥ ಕಡೆ ಎರಕದ ಬಿಡಿಭಾಗಗಳಿಗೆ ದಿನಾ ಮಾಡುವ ಕೆಲಸ ಅದು. ಪರವಾನಗಿ ಇರುವ ಜಾಗಕ್ಕೆ ನೀವೇ ತಂಬಿಗೆ ಒಯ್ಯಬೇಕು, ಪಕ್ಕದಲ್ಲೇ ಇದ್ದು ವಾಪಸ್ ತರಬೇಕು. 3 ಮಿ.ಮೀ. ತಾಮ್ರ ಅವರಿಗೆ ಲೆಕ್ಕಕ್ಕಿಲ್ಲ. ನಾಣ್ಯ ಇದ್ದರೆ ದುಂಡಗೆ ಕಾಣುತ್ತದೆ, ನೀರಿದ್ದರೆ ಓರೆ ಮಾಡಿದಾಗ ಮಟ್ಟ ಬದಲಾಗುತ್ತದೆ, ಬೆಸುಗೆಯ ಹನಿ ಬಿದ್ದಿದ್ದರೆ ಚುಕ್ಕೆಯಾಗಿ ಕಾಣುತ್ತದೆ. ಇರಿಡಿಯಮ್‌ನ ಸಾಂದ್ರತೆ 22.5, ತಾಮ್ರದ ಎರಡೂವರೆ ಪಟ್ಟು. ಅಂಥ ಗಟ್ಟಿ ಒಳಗಿದ್ದರೆ ಚಿತ್ರದಲ್ಲಿ ಅಡಗಿ ಕೂರಲಾರದು. ಹೆಸರು ಹೇಳುವ ಯಂತ್ರ ಇಲ್ಲದೆಯೇ 'ಅದಲ್ಲ' ಅಂತ ಖಚಿತವಾಗಿ ಹೇಳಬಹುದು. ನಿಮ್ಮ ಸಂದರ್ಭಕ್ಕೆ ಅಷ್ಟು ಸಾಕು ಅಂತ ನನ್ನ ಲೆಕ್ಕ.

ಎಕ್ಸ್‌ರೇ ಬಿದ್ದರೆ ವಿಕಿರಣ ಉಳಿಯುತ್ತದಾ ಅಂತ ಕೇಳಿದ್ದೀರಿ. ಇಲ್ಲ. ಯಂತ್ರ ಆಫ್ ಆದ ಕ್ಷಣಕ್ಕೆ ಎಕ್ಸ್‌ರೇ ಮುಗಿಯಿತು. ಈ ಶಕ್ತಿಯ ಕಿರಣದಿಂದ ತಾಮ್ರವಾಗಲಿ ನೀರಾಗಲಿ ಅಕ್ಕಿಯಾಗಲಿ ವಿಕಿರಣ ಸೂಸುವಂತೆ ಆಗುವುದಿಲ್ಲ. ಒಳಗಿನ ವಸ್ತುವಿಗೆ ಕಣ್ಣಿಗೆ ಕಾಣುವಂಥ ಬದಲಾವಣೆಯೂ ಇಲ್ಲ.

ಒಂದು ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ. ಆ ಇಬ್ಬರು ನಿಮ್ಮನ್ನು ಚಿನ್ನದಂಗಡಿಗೆ ಕರೆದೊಯ್ದು ಕ್ಯಾರೆಟ್ ಮೀಟರಿನಲ್ಲಿ ಇಡಿಸಿದರೆ, ಚೀಟಿಯಲ್ಲಿ 'ಇರಿಡಿಯಮ್' ಅಂತ ಸಣ್ಣ ಅಂಕಿ ಬಂದರೂ ಬರಬಹುದು. ಗಾಬರಿಯೂ ಬೇಡ, ಖುಷಿಯೂ ಬೇಡ. ಇರಿಡಿಯಮ್ ವಾಪಸ್ ಬಿಡುವ ಎಕ್ಸ್‌ರೇಯ ಒಂದು ಗೆರೆ 9.18 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಬರುತ್ತದೆ. ತಾಮ್ರದ ಎರಡನೇ ಗೆರೆ 8.90ರಲ್ಲಿ, ಪಕ್ಕದಲ್ಲೇ. ಇರಿಡಿಯಮ್‌ನ ಇನ್ನೊಂದು ಗೆರೆ 10.71. ಬೆಸುಗೆಯಲ್ಲಿರುವ ಸೀಸದ ಗೆರೆ 10.55. ಚಿನ್ನಕ್ಕೆ ಅಂತ ಹೊಂದಿಸಿದ ಸಾಫ್ಟ್‌ವೇರ್ ತಾಮ್ರ ಮತ್ತು ಸೀಸ ಒಟ್ಟಿಗೆ ಕಂಡಾಗ ಅವೆರಡರ ಅಂಚನ್ನು ಇರಿಡಿಯಮ್ ಲೆಕ್ಕಕ್ಕೆ ಹಾಕಿಬಿಡಬಹುದು. ನಿಮ್ಮ ತಂಬಿಗೆಯಲ್ಲಿ ಅವೆರಡೂ ಇರುವ ಸಂಭವ ಜಾಸ್ತಿ. ಅಂಥ ಚೀಟಿ ಒಂದು ಸಿಕ್ಕರೆ ಬ್ರೋಕರ್‌ಗೆ ಇನ್ನೇನು ಬೇಕು?

ಹಾಗಾದರೆ ಒಳಗೆ ಇರುವುದಾದರೂ ಏನು? ನೋಡದೆ ಖಚಿತ ಹೇಳಲಾರೆ. ಆದರೆ ವಿವರ ಓದುತ್ತಿದ್ದಂತೆ ನನಗೆ ಹೊಳೆದದ್ದು ಕಾಶಿ. ಹಿಂದೆ ಕಾಶಿಯಾತ್ರೆಗೆ ಹೋದವರು ಗಂಗೆಯನ್ನು ತಾಮ್ರದ ತಂಬಿಗೆಯಲ್ಲಿ ತುಂಬಿಸಿ, ಬಾಯಿ ಬೆಸೆಸಿ ಊರಿಗೆ ತರುತ್ತಿದ್ದರು. ಈಗಲೂ ತರುತ್ತಾರೆ. ಕೆಲವನ್ನು ಕಾಶಿ ಸಮಾರಾಧನೆಗೆ ಒಡೆಯುತ್ತಾರೆ, ಒಂದನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತಾರೆ, ಯಾರದಾದರೂ ಕೊನೆಗಾಲಕ್ಕೆ ಬೇಕಾದೀತು ಅಂತ. ಕಣ್ಣಿಗೆ ಕಾಣದ ಬಿರುಕಿನಿಂದ ನೀರು ವರ್ಷಗಟ್ಟಲೆ ಆರಿಹೋದರೆ ತಳದಲ್ಲಿ ಬಿಳಿ, ಹಸಿರು ಹಕ್ಕಳೆ ಉಳಿಯುತ್ತದೆ. ಅದು ಚಕ್ಕೆಯಾಗಿ ಎದ್ದರೆ ಕಟಕಟ ಅನ್ನುತ್ತದೆ. ನಿಮ್ಮ ತಾಯಿಯವರು ಒಡೆಯಬಾರದು ಅನ್ನುವುದಕ್ಕೆ ಕಾರಣ ಇದೇ ಇರಬಹುದು, ಒಮ್ಮೆ ಕೇಳಿ ನೋಡಿ. ಯಾರು ಕಾಶಿಗೆ ಹೋಗಿದ್ದರು, ಯಾವಾಗ ಅಂತ. ಎಕ್ಸ್‌ರೇಗಿಂತ ಅವರಿಗೆ ಜಾಸ್ತಿ ಗೊತ್ತಿದ್ದರೂ ಆಶ್ಚರ್ಯವಿಲ್ಲ.

ಮನೆಯವರೆಲ್ಲ ಒಪ್ಪಿ ತೆರೆಯುವುದೇ ಆದರೆ, ದಯವಿಟ್ಟು ಗ್ಯಾಸ್ ಟಾರ್ಚ್ ಹಿಡಿಯಬೇಡಿ. ಒಳಗೆ ಸ್ವಲ್ಪ ನೀರಿದ್ದರೂ ಆವಿಯಾಗಿ ಸಿಡಿಯುತ್ತದೆ. ಬೆಸುಗೆಯಲ್ಲಿ ಸೀಸ ಇರುವ ಸಂಭವ ಜಾಸ್ತಿ, ಅದರ ಹೊಗೆ ಒಳ್ಳೆಯದಲ್ಲ. ಸಣ್ಣ ಗರಗಸದಿಂದ ಬೆಸುಗೆಯ ಗೆರೆಯಲ್ಲೇ ನಿಧಾನವಾಗಿ, ಬಿಸಿ ಮಾಡದೆ ಕೊಯ್ಯಬೇಕು. ಮ್ಯೂಸಿಯಂ ವಸ್ತುಗಳ ಕೆಲಸ ಗೊತ್ತಿರುವವರು ಸಿಕ್ಕರೆ ಅವರ ಕೈಯಲ್ಲೇ ಮಾಡಿಸಿ. ಕೈಗವಸು, ಮಾಸ್ಕ್ ಇರಲಿ. ನೀರು ಸಿಕ್ಕರೆ ಅದನ್ನು ತೀರ್ಥ ಅಂತ ಯಾರಿಗೂ ಕುಡಿಸಬೇಡಿ. ಅಷ್ಟು ವರ್ಷ ತಾಮ್ರ ಮತ್ತು ಸೀಸದ ಜೊತೆ ಕೂತ ನೀರು ಅದು. ಪುಡಿ ಸಿಕ್ಕರೆ ಒಂದು ಚಮಚದಷ್ಟು ಪುಟ್ಟ ಗಾಜಿನ ಶೀಷೆಗೆ ಹಾಕಿ ಯಾವುದಾದರೂ ವಿಶ್ವವಿದ್ಯಾಲಯದ ಡಿಫ್ರಾಕ್ಷನ್ ಲ್ಯಾಬ್‌ಗೆ ಕೊಡಿ. ಅಲ್ಲಿ ಇದು ನಿಜಕ್ಕೂ ಸುಲಭ. ಕ್ಯಾಲ್ಸೈಟೋ, ಉಪ್ಪೋ, ಮರಳೋ, ಕಿಲುಬೋ, ಅದೇ ದಿನ ಗೊತ್ತಾಗುತ್ತದೆ. ಶುಲ್ಕ ನೂರರ ಲೆಕ್ಕದಲ್ಲಿ, ಹೆಚ್ಚೆಂದರೆ ಕೆಲವು ಸಾವಿರ. ಲಕ್ಷದ ಮಾತೇ ಇಲ್ಲ.

ಏನೂ ಮಾಡದೆ ಹಾಗೇ ಇಟ್ಟುಕೊಳ್ಳುವುದೂ ಒಂದು ದಾರಿ. ಒಣ ಜಾಗದಲ್ಲಿಡಿ, ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಬೆಸುಗೆ ಸಡಿಲವಾದೀತು. ಈಗಾಗಲೇ ಆ ಇಬ್ಬರಿಗೆ ಟೋಕನ್ ಅಂತ ಏನಾದರೂ ಕೊಟ್ಟಿದ್ದರೆ ಮುಚ್ಚಿಡದೆ ಠಾಣೆಗೆ ದೂರು ಕೊಡಿ. ಫೋನ್ ಮೂಲಕ ಹಣ ಕಳಿಸಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಇನ್ನು, ತಂಬಿಗೆಯನ್ನು ಜರ್ಮನಿಗೇ ಒಯ್ದು ಅಲ್ಲಿ ಮಾಡಿಸೋಣ ಅನ್ನುವ ಯೋಚನೆ ನಿಮಗೋ ಅಳಿಯನಿಗೋ ಬಂದರೆ, ಬೇಡ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಕುಶಲಕಲೆಯ ವಸ್ತುವನ್ನು ಖಾಸಗಿಯವರು ದೇಶದಾಚೆ ಒಯ್ಯುವ ಹಾಗಿಲ್ಲ. ಅಷ್ಟು ಹಳೆಯದಲ್ಲ ಅಂತಾದರೆ ಭಾರತೀಯ ಪುರಾತತ್ವ ಇಲಾಖೆಯಿಂದ ಆ ಬಗ್ಗೆ ಪ್ರಮಾಣಪತ್ರ ಬೇಕಾಗುತ್ತದೆ. ಅದಿದ್ದರೂ, ಬಾಯಿ ಬೆಸೆದ ಲೋಹದ ಪಾತ್ರೆ ಬ್ಯಾಗಿನಲ್ಲಿ ಕಂಡರೆ ಭದ್ರತಾ ಸಿಬ್ಬಂದಿ ಯಾವ ಡಿಫ್ರಾಕ್ಷನ್‌ಗೂ ಕಾಯುವುದಿಲ್ಲ. ಅಲ್ಲೇ ತೆರೆಸುತ್ತಾರೆ, ಇಲ್ಲವೇ ಬಿಟ್ಟುಹೋಗಿ ಅನ್ನುತ್ತಾರೆ.